ಕೂಡಿಕೊಳ್ಳದ ಫೇಡರ್‌ಗಳು

ಗಂಟಲು ಸತ್ತ ಮೇಲೂ ಮಾತು ಬದುಕಿರಬಹುದೇ? ಹುಬ್ಬಳ್ಳಿಯ ಹೊರವಲಯದಲ್ಲಿ ಆ ವಾಕ್ ಪ್ರಯೋಗಾಲಯವನ್ನು ಕಟ್ಟಿದವರು ಇದೊಂದೇ ಪ್ರಶ್ನೆಯ ಬೆನ್ನು ಹತ್ತಿದ್ದರು. ಉಸಿರು ಬಿಡು, ನಾಲಗೆ ಎತ್ತು, ತುಟಿ ಕೂಡಿಸು ಎಂದು ಮಿದುಳು ಅಪ್ಪಣೆ ಕೊಡುತ್ತಲೇ ಇರುತ್ತದೆ. ಪಾರ್ಶ್ವವಾಯು ಬಡಿದವರಲ್ಲಿ ಆ ಅಪ್ಪಣೆ ಬಾಯಿಯವರೆಗೆ ಬಂದು ಮುಟ್ಟುವುದಿಲ್ಲ, ಅಷ್ಟೇ. ಹಾಗಾದರೆ ಅದನ್ನು ದಾರಿಯಲ್ಲೇ ಹಿಡಿದರಾಯಿತಲ್ಲ! ಮಾತು ಹುಟ್ಟುವ ಜಾಗದ ಮೇಲೆ ಕಿರುಬೆರಳಿನ ಉಗುರಿನಷ್ಟು ಅಗಲದ ಜಾಲರಿ ಕೂರಿಸುವುದು, ಅದು ಹಿಡಿದ ಅಪ್ಪಣೆಗಳನ್ನು ಅಂಕಿಗಳಾಗಿ ಹೊರಗೆ ತರುವುದು, ಆ ಅಂಕಿಗಳಿಂದ ಕಂಪ್ಯೂಟರಿನಲ್ಲಿ ದನಿ ಹುಟ್ಟಿಸುವುದು. ಹೇಳುವುದಕ್ಕೆ ಇಷ್ಟೇ. ಮಾಡಲು ಹೋದವರ ತಲೆಗೂದಲು ಬೆಳ್ಳಗಾಗಿತ್ತು.

ಆ ಅಂಕಿಗಳು ಬರುತ್ತಿದ್ದುದು ಮಿಡಿ ಎಂಬ ಭಾಷೆಯಲ್ಲಿ. ಹಾಡು ರೆಕಾರ್ಡ್ ಮಾಡುವವರಿಗೆ ಅದು ಮನೆಮಾತು. ಅವರ ಮೇಜಿನ ಮೇಲೆ ಗುಂಡಿಗಳ, ಫೇಡರ್‌ಗಳ ಒಂದು ಹಲಗೆ ಇರುತ್ತದೆ. ಫೇಡರ್ ಎಂದರೆ ಮೇಲೆ ಕೆಳಗೆ ಜಾರುವ ಗುಂಡಿ. ಬೆರಳಿನಿಂದ ಅದನ್ನು ಜಾರಿಸಿದರೆ ಆ ಚಲನೆ ಅಂಕಿಯಾಗಿ ಸಾಫ್ಟ್‌ವೇರಿಗೆ ಹೋಗಿ ದನಿಯನ್ನು ಏರಿಸುತ್ತದೆ, ಇಳಿಸುತ್ತದೆ. ಪ್ರಯೋಗಾಲಯದವರು ಮಾಡಿದ್ದೂ ಅದನ್ನೇ. ಒಂದೇ ವ್ಯತ್ಯಾಸವೆಂದರೆ ಹಲಗೆಯ ಜಾಗದಲ್ಲಿ ಒಬ್ಬ ಮನುಷ್ಯನನ್ನು ಜೋಡಿಸಿದ್ದರು.

ಆ ವ್ಯಕ್ತಿ ವನಮಾಲಾ ಪತ್ತಾರ. ಧಾರವಾಡದ ಗಾಯಕಿ, ಐವತ್ತು ಇನ್ನೂ ತುಂಬಿರಲಿಲ್ಲ. ಒಂದು ಬೆಳಿಗ್ಗೆ ಚಪಾತಿ ಹಿಟ್ಟು ನಾದುತ್ತ ನಾದುತ್ತಲೇ ಕುಸಿದು ಬಿದ್ದವಳು ಮತ್ತೆ ರೆಪ್ಪೆ ಕೂಡ ತಾನಾಗಿ ಆಡಿಸಲಿಲ್ಲ. ಅವಳನ್ನು ಜೋಡಿಸಿಕೊಟ್ಟವನು ಗಂಡ ಚಿದಾನಂದ. ಮೂವತ್ತು ವರ್ಷ ಸ್ಟುಡಿಯೊ ನಡೆಸಿದ ಆಸಾಮಿ. ಅವಳ ದನಿಯ ಅಸಲು ರೆಕಾರ್ಡಿಂಗ್‌ಗಳೆಲ್ಲ ಇದ್ದದ್ದು ಅವನ ಹತ್ತಿರ. ಪ್ರಯೋಗಾಲಯದ ಡಾಕ್ಟರ್ ನಫೀಸಾ ಮುಲ್ಲಾ ಹುಡುಕಿಕೊಂಡು ಬಂದು, "ಅಂಕಿ ತಂದುಕೊಡೂದು ನಮ್ಮ ಕೆಲಸ, ಅದರಿಂದ ಅವರ ದನಿ ಮಾಡೂದು ನಿಮಗ ಬಿಟ್ಟದ್ದು" ಎಂದಾಗ ಅವನು ಎರಡನೇ ಮಾತಾಡದೆ ಒಪ್ಪಿಕೊಂಡಿದ್ದ.

ಮೈಯೆಲ್ಲ ಕಣ್ಣಾಗಿ ಮಾಡಿದ ಕೆಲಸ ಅದು. ಉಸಿರಿಗೊಂದು, ಸ್ವರದ ಎತ್ತರಕ್ಕೊಂದು, ಗಂಟಲ ಬಿಗಿಗೊಂದು, ದವಡೆಗೆ, ನಾಲಗೆಗೆ, ತುಟಿಗೆ, ಮೂಗಿಗೆ ಎಂದು ಏಳು ಫೇಡರ್‌ಗಳನ್ನು ಒಂದು ಹಲಗೆಯಲ್ಲಿ ಕೂರಿಸಿದ. ಅವಳು ಮಾತಾಡತೊಡಗಿದರೆ ಫೇಡರ್‌ಗಳು ಮೋಟಾರಿನಿಂದ ತಾವೇ ಚಲಿಸಬೇಕು, ದನಿ ಸ್ಪೀಕರಿನಿಂದ ಬರಬೇಕು. ಅವಳ ಕಂಠ ತುಂಬು ಹರೆಯದಲ್ಲಿದ್ದ ಕಾಲದ ರೆಕಾರ್ಡಿಂಗ್ ಆರಿಸಿ, ಆ ದನಿ ಎಲ್ಲಿ ನಿಲ್ಲುತ್ತಿತ್ತೋ ಅಲ್ಲಿಯೇ ಏಳನ್ನೂ ನಿಲ್ಲಿಸಿದ. ಹೆಂಡತಿ ಬಾಯಿ ಬಿಟ್ಟರೆ ಅದೇ ದನಿ ಬರಬೇಕು ಎಂಬುದು ಅವನ ಹಟ.

ತಿಂಗಳುಗಳು ಉರುಳಿದವು. ಒಂದು ಫೇಡರೂ ಮಿಸುಕಲಿಲ್ಲ.

ಒಂದು ಶುಕ್ರವಾರ ಡಾಕ್ಟರ್ ನಫೀಸಾ ಅವನನ್ನು ಪಕ್ಕದ ಕೋಣೆಗೆ ಕರೆದರು.

"ಸೋಮವಾರ ಪ್ರಯೋಗಾಲಯದ ಸಮಿತಿ ಕೂಡ್ತದರಿ, ಪತ್ತಾರ ಅವರ. ಜಾಲರಿ ತಗೀರಿ ಅಂತಾರ. ಕೆಲಸ ಇಲ್ಲದ ಅದನ್ನ ಮಿದುಳಿನ ಮ್ಯಾಲ ಬಿಡೂ ಹಂಗಿಲ್ಲ, ಸೋಂಕು ಆಗ್ತದ."

"ತಗದು ಮತ್ತ ಹಾಕಾಕ ಬರೂದಿಲ್ಲೇನ್ರಿ ಮೇಡಂ?"

"ಇಲ್ಲ. ತಗದ ಜಾಗಾ ಕಲೆ ಕಟ್ಟಿಬಿಡ್ತದ."

"ಅಕಿ ಮಿದುಳಿನಾಗ ಏನೂ ಕಾಣವಲ್ದೇನ್ರಿ?"

"ಸಣ್ಣಗ ಏನೋ ಮಿಸುಕ್ತದ. ನಿದ್ದಿಯೊಳಗ ಇದ್ದವರಿಗೂ ಹಂಗ ಮಿಸುಕ್ತದ. ಅದು ಮಾತಾಗಿ ಹೊರಗ ಬಂದ್ರ ಮಾತು, ಇಲ್ಲಾಂದ್ರ ಬರೇ ಗದ್ದಲ." ಅವರು ಮುಂದುವರಿಸಿದರು, "ಸಮಿತಿಯವರು ಕೇಳೂದು ಒಂದೇ ಪ್ರಶ್ನೆ. ವನಮಾಲಾ ಅವರು ಒಳಗ ಅದಾರೋ, ಇಲ್ಲೋ? ಅದಾರ ಅಂತ ಹೇಳಲಿಕ್ಕೆ ನನ್ನ ಹತ್ರ ಏನೂ ಇಲ್ಲ. ಜಾಲರಿ ತಗದಮ್ಯಾಲ ಕೇಳಲಿಕ್ಕೂ ದಾರಿ ಇರೂದಿಲ್ಲ."

ಚಿದಾನಂದ ಗಾಜಿನ ಕಡೆ ತಿರುಗಿದ. ಗಾಜಿನ ಆಚೆ ಒರಗುಕುರ್ಚಿಯಲ್ಲಿ ವನಮಾಲಾ ಕಣ್ಣು ಅರೆತೆರೆದು ಕೂತಿದ್ದಳು. ಕೂತಿದ್ದಳು ಎನ್ನುವುದಕ್ಕಿಂತ ಕೂರಿಸಲ್ಪಟ್ಟಿದ್ದಳು.

ಅಂದು ಸಂಜೆ ಆಂಬುಲೆನ್ಸಿನಲ್ಲಿ ಅವಳನ್ನು ಧಾರವಾಡಕ್ಕೆ ಕರೆತಂದಾಗ ಮಾಳಮಡ್ಡಿಯ ಮನೆಯಲ್ಲಿ ಅವಳ ತಾಯಿ ತುಂಗವ್ವ ಕಾಯುತ್ತಿದ್ದಳು. ಮಗಳ ಕೆಲಸವೆಲ್ಲ ಅವಳದೇ. ಮೈ ಒರೆಸುವುದು, ಮಗ್ಗುಲು ಬದಲಿಸುವುದು, ನಳಿಗೆಯಲ್ಲಿ ಗಂಜಿ ಬಿಡುವುದು. ಕೈಯಿಂದ ಇಷ್ಟೆಲ್ಲ ಮಾಡುತ್ತ ಬಾಯಿ ಸುಮ್ಮನಿರುತ್ತಿರಲಿಲ್ಲ. ಓಣಿಯ ಸುದ್ದಿಯನ್ನೆಲ್ಲ ಮಗಳಿಗೆ ವರದಿ ಒಪ್ಪಿಸುತ್ತಿದ್ದಳು. ಆ ದಿನ ಮಾತ್ರ ಸುದ್ದಿ ಇರಲಿಲ್ಲ. ಅಳಿಯ ಹೇಳಿದ್ದನ್ನು ಕೇಳಿ ಅವಳು ಹಾಸಿಗೆಯ ಅಂಚಿನ ಮೇಲೆ ಕುಕ್ಕರಿಸಿದಳು.

"ಹಾಡ್ತಾಳ, ಮಾತಾಡ್ತಾಳ ಅಂತ ನಾ ಕೇಳಲಿಲ್ಲೋ ಯಪ್ಪಾ," ಎಂದಳು. "ಒಳಗ ಅದಾಳೋ ಇಲ್ಲೋ, ಅದನ್ನರ ಯಾರರ ಹೇಳ್ರಿ. ಇದ್ದಾಳಂದ್ರ ಸಾಯೂತನಕ ಮಾಡ್ತೀನಿ. ಇಲ್ಲಾಂದ್ರ ನಾ ಯಾರ ಮುಂದ ಕುಂತು ಹರಟೀ ಹೊಡ್ಯಾಕತ್ತೀನಿ?"

ಚಿದಾನಂದ ದಿನಾ ಸಂಜೆಯ ತನ್ನ ಕೆಲಸಕ್ಕೆ ಕೂತ. ಅವಳ ಹಳೆಯ ಹಾಡು ಹಚ್ಚಿ, ಎಣ್ಣೆ ಬೆಚ್ಚಗೆ ಮಾಡಿಕೊಂಡು, ಅವಳ ಎಡಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ತಿಕ್ಕುವುದು. ತಿಕ್ಕಿದರೆ ನರ ಎಚ್ಚರಾಗುತ್ತವೆ ಎಂದು ಯಾರೋ ಹೇಳಿದ್ದರು. ಬೆರಳು ಬೆರಳನ್ನೂ ಬಿಡಿಸಿ ತಿಕ್ಕುತ್ತಿದ್ದ. ಬೇರೆ ಯಾವ ರೀತಿಯಲ್ಲೂ ಅವಳಿಗೆ ತನ್ನ ಪ್ರೀತಿ ಮುಟ್ಟಿಸುವ ದಾರಿ ಅವನಿಗೆ ಉಳಿದಿರಲಿಲ್ಲ.

ಸ್ಪೀಕರಿನಲ್ಲಿ ಅವಳ ತಾನ ಮೇಲಿನ ಷಡ್ಜ ಮುಟ್ಟಿ ಬಂತು. ಎಂಥ ಹೆಂಗಸು ಇವಳು! ಒಂದು ಆಲ್ಬಮ್ಮಿನ ಕೊನೆಯ ಹಾಡಿನಲ್ಲಿ ನಿಷಾದ ಕೂದಲೆಳೆಯಷ್ಟು ಜಾರಿತ್ತು. ಕೇಳಿದ ಯಾರಿಗೂ ಅದು ತಿಳಿಯುತ್ತಿರಲಿಲ್ಲ. ತಿದ್ದಿಕೊಡುತ್ತೇನೆ ಎಂದು ಚಿದಾನಂದ ಅಂದರೂ ಕೇಳದೆ, "ತಿದ್ದಿದ ದನಿ ನಂದಲ್ಲ, ಜಾರಿದ ದನಿ ಜನಕ್ಕಲ್ಲ" ಎಂದು ಇಡೀ ಆಲ್ಬಮ್ಮನ್ನೇ ಬೇಡವೆಂದುಬಿಟ್ಟಿದ್ದಳು. ಇಂಥವಳಿಗೆ ಆ ದನಿಯನ್ನಲ್ಲದೆ ಬೇರೆ ಏನನ್ನು ತಂದುಕೊಡಬೇಕು?

ಶನಿವಾರ ಸ್ಟುಡಿಯೊ ಬಾಗಿಲು ತೆಗೆಯುವ ಮನಸ್ಸೇ ಇರಲಿಲ್ಲ. ಆದರೆ ಗೋವನಕೊಪ್ಪದ ಭಜನಾ ಮಂಡಳಿಯವರಿಗೆ ಎಂದೋ ಮಾತು ಕೊಟ್ಟಾಗಿತ್ತು. ಮುಖ್ಯ ಗಾಯಕ ಶಿವಪುತ್ರಪ್ಪ ಎಪ್ಪತ್ತರ ಮುದುಕ, ಬಾಯಿ ಮಾತ್ರ ಇಪ್ಪತ್ತರದು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡವನೇ ಹೌಹಾರಿ ಕಿತ್ತೆಸೆದ.

"ಏ ಚಿದಾನಂದಪ್ಪ! ಹಾಡಾಕ ಕರಸೀಯೋ, ಕಿವುಡ ಮಾಡಾಕ ಕರಸೀಯೋ? ಕಡಿಮಿ ಮಾಡೋ ಮಾರಾಯ."

ಚಿದಾನಂದ ತಲೆ ಎತ್ತದೆ ಹಲಗೆಗೆ ಕೈ ಹಾಕಿದ. ಅದು ಮೋಟಾರಿಲ್ಲದ ಹಳೆಯ ಹಲಗೆ. ಹಿಂದಿನ ವಾರದ ಕೆಲಸ ತೆರೆದಿದ್ದರಿಂದ ಸಾಫ್ಟ್‌ವೇರಿನೊಳಗೆ ಹೆಡ್‌ಫೋನಿನ ಸದ್ದು ತುದಿಗೆ ನಿಂತಿತ್ತು. ಬೆರಳ ಕೆಳಗಿನ ಫೇಡರ್ ಮಾತ್ರ ಬುಡದಲ್ಲಿತ್ತು. ಅವನ ಕೈ ಅಭ್ಯಾಸಬಲದಿಂದ ಫೇಡರನ್ನು ಮೇಲಕ್ಕೆ ಒಯ್ಯತೊಡಗಿತು. ಗಾಜಿನ ಆಚೆಯಿಂದ ಮುದುಕ ಅದನ್ನು ನೋಡಿಬಿಟ್ಟ.

"ಇಳಸೋ ಅಂದ್ರ ಏರಸಾಕತ್ತೀಯಲ್ಲೋ! ನನ್ನ ಮ್ಯಾಲ ಏನರ ಸಿಟ್ಟೈತೇನು?"

"ಇದು ಪಿಕಪ್ ಮೋಡಿನಾಗ ಐತ್ರಿ, ಯಜಮಾನ್ರ," ಎಂದ ಚಿದಾನಂದ, ಎಷ್ಟೋ ಜನರಿಗೆ ಎಷ್ಟೋ ಸಲ ಹೇಳಿದ ಮಾತನ್ನು ಬೇಸರದಿಂದ. "ಒಮ್ಮೆಲೆ ಸದ್ದು ಜಿಗೀಬಾರದು ಅಂತ ಹಿಂಗ ಇಟ್ಟಿರ್ತೀವಿ. ಒಳಗಿನ ಅಂಕಿ ಎಲ್ಲಿ ನಿಂತಿರ್ತೈತೋ ಅಲ್ಲಿಗೆ ಈ ಗುಂಡಿ ಹೋಗಿ ಅದನ್ನ ಮುಟ್ಟಬೇಕು. ಮುಟ್ಟಿದಮ್ಯಾಲ ಎರಡೂ ಕೂಡ್ತಾವು. ಆಮ್ಯಾಲ ಇಳಿಸಿದ್ರ ಇಳೀತೈತಿ."

"ಅಲ್ಲಿಗೆ ಹೋಗಿ ಮುಟ್ಟಾಕ ಆಗಲಿಲ್ಲಂದ್ರ?"

"ಮುಟ್ಟಲಿಲ್ಲಂದ್ರ ನಾವು ಇಲ್ಲಿ ಎಷ್ಟರ ಅಲ್ಲಾಡಿಸಿದ್ರೂ ಯಂತ್ರಕ್ಕ ಗೊತ್ತಾಗೂದಿಲ್ಲ. ಅದರ ಲೆಕ್ಕಕ್ಕ ನಾವು ಇದ್ದೂ ಇಲ್ಲ."

ಹೇಳಿದ ಮಾತು ತನ್ನ ಕಿವಿಗೇ ಬಿದ್ದು ಅವನು ಫೇಡರಿನಿಂದ ಕೈ ತೆಗೆದ.

ಇದ್ದೂ ಇಲ್ಲ! ವನಮಾಲಾಳನ್ನು ಜೋಡಿಸುವಾಗ ಏಳು ಫೇಡರ್‌ಗಳನ್ನೂ ಅವನು ಪಿಕಪ್ ಮೋಡಿನಲ್ಲೇ ಇಟ್ಟಿದ್ದ. ಇಟ್ಟದ್ದು ನೆನಪೂ ಇರಲಿಲ್ಲ, ಯಾಕೆಂದರೆ ಅದು ಯೋಚಿಸಿ ಮಾಡುವ ಕೆಲಸವೇ ಅಲ್ಲ. ಸದ್ದು ಜಿಗಿಯಗೊಡುವವನನ್ನು ಈ ಕಸುಬಿನಲ್ಲಿ ಯಾರೂ ಮನುಷ್ಯನೆಂದು ಎಣಿಸುವುದಿಲ್ಲ. ಈ ಕಸುಬು ಗೊತ್ತಿಲ್ಲದವರು ಯಾರಾದರೂ ಈ ಕೆಲಸ ಮಾಡಿದ್ದರೆ ಆ ಮೋಡಿನ ಸುದ್ದಿಗೇ ಹೋಗುತ್ತಿರಲಿಲ್ಲ. ಒಳಗಿನ ಅಂಕಿಗಳನ್ನು ಅವನು ನಿಲ್ಲಿಸಿದ್ದು ಅವಳ ಹರೆಯದ ಕಂಠದ ಎತ್ತರದಲ್ಲಿ. ಅಷ್ಟು ಮೇಲೆ! ಪಾರ್ಶ್ವವಾಯು ಬಡಿದ ಮಿದುಳಿನಿಂದ ಬರುವ ಅಪ್ಪಣೆ ಬುಡದಲ್ಲೆಲ್ಲೋ ತೆವಳುತ್ತಿದ್ದರೆ ಅದು ಅಲ್ಲಿಯವರೆಗೆ ಹೋಗಿ ಮುಟ್ಟುವುದು ಯಾವಾಗ? ತಿಂಗಳುಗಟ್ಟಲೆ ಅವಳು ಕೂಗುತ್ತಿದ್ದಿರಬಹುದು. ಹಳೆಯ ವನಮಾಲಾಳಷ್ಟು ಎತ್ತರಕ್ಕೆ ಬಾ, ಆಮೇಲೆ ಕೇಳಿಸಿಕೊಳ್ಳುತ್ತೇನೆ ಎಂದು ಯಂತ್ರ ಬಾಗಿಲು ಮುಚ್ಚಿಕೊಂಡು ಕೂತಿತ್ತು. ಆ ಬಾಗಿಲಿಗೆ ಚಿಲಕ ಹಾಕಿದವನು ತಾನು.

"ಯಾಕೋ, ಮೈಯಾಗ ಆರಾಮಿಲ್ಲೇನು?" ಎಂದು ಶಿವಪುತ್ರಪ್ಪ ಗಾಜು ತಟ್ಟಿದ. ಚಿದಾನಂದ ಆಗಲೇ ಚಪ್ಪಲಿ ಮೆಟ್ಟುತ್ತಿದ್ದ.

ಭಾನುವಾರ ಬೆಳಿಗ್ಗೆ ಪ್ರಯೋಗಾಲಯದಲ್ಲಿ ಬೇರೆ ಯಾರೂ ಇರಲಿಲ್ಲ. ಆಂಬುಲೆನ್ಸಿನಲ್ಲಿ ಮಗಳ ಜೊತೆ ತುಂಗವ್ವನೂ ಬಂದಿದ್ದಳು. ಡಾಕ್ಟರ್ ನಫೀಸಾ ಅವನ ಮಾತನ್ನು ಪೂರ್ತಿ ಕೇಳಿ ತಲೆ ಹಿಡಿದುಕೊಂಡು ಕೂತರು.

"ಅಂದ್ರ ನನ್ನ ಪರದೆ ಮ್ಯಾಲ ಮಿಸುಕ್ತಿದ್ದದ್ದು..."

"ಅಕಿ ಇರಬಹುದು. ಇಲ್ಲದಿರಬಹುದು. ಪಿಕಪ್ ತಗದ್ರ ತಿಳೀತೈತಿ."

"ತಗೀರಿ ಮತ್ತ! ಯಾಕ ಕೂತೀರಿ?"

ಅವನು ಕೂತೇ ಇದ್ದ. "ತಗದ್ರ ಒಳಗಿನ ಏಳೂ ಅಂಕಿ ಅಕಿ ಈಗ ಎಲ್ಲಿ ಅದಾಳೋ ಅಲ್ಲಿಗೆ ಬೀಳ್ತಾವ್ರಿ. ಬರೂ ದನಿ ಎಂಥಾದ್ದಿರತೈತೋ ದೇವರಿಗೇ ಗೊತ್ತು. ಒಂದು ನಿಷಾದ ಜಾರಿದ್ದಕ್ಕ ಇಡೀ ಆಲ್ಬಮ್ ಬಿಟ್ಟಾಕಿರಿ ಅಕಿ. ಹಂಥಾ ದನೀನ ಅಕೀಗೇ ಕೇಳಸ್ಲಿ ಹೆಂಗ? ಆಮ್ಯಾಲ ಹಳೇ ದನಿಗೆ ಒಯ್ಯಾಕ ಬರತೈತೇನ್ರಿ?"

ಡಾಕ್ಟರ್ ಸುಳ್ಳು ಹೇಳುವವರಲ್ಲ. "ಇಲ್ಲ. ನಿಮ್ಮ ರೆಕಾರ್ಡಿಂಗ್ ನಿಮ್ಮ ಹತ್ರ ಇರ್ತಾವ. ಆದರ ಈ ಜಾಲರಿ ಕಲಿಯೂದು ಒಂದೇ ಸಲ. ಅವರು ತಮ್ಮ ದನಿ ಕೇಳಿಕೋತ ಕಲೀತಾರ, ಯಂತ್ರ ಅವರನ್ನ ನೋಡಿಕೋತ ಕಲೀತದ. ಕಲಿಕೆಯ ಗುಂಡಿ ಒತ್ತಿದ ಮ್ಯಾಲ ಆ ದನಿನೇ ಅವರ ದನಿ."

ತುಂಗವ್ವ ಬಾಗಿಲಿಗೆ ಒರಗಿ ನಿಂತಿದ್ದಳು. ಅವಳಿಗೆ ಫೇಡರೂ ಅಂಕಿಯೂ ತಿಳಿಯಲಿಲ್ಲ. ಅಳಿಯನ ಮುಖ ತಿಳಿಯಿತು. "ಚಿದಾನಂದ," ಎಂದಳು ಮೆಲ್ಲಗೆ, "ಇದ್ದಾಳೇನು ನೋಡ್ರಿ."

ಅವನು ಪಿಕಪ್ ತೆಗೆಯುವ ಗುಂಡಿ ಒತ್ತಿದ.

ಏಳು ಫೇಡರ್‌ಗಳೂ ದಡಕ್ಕನೆ ಬುಡಕ್ಕೆ ಬಿದ್ದವು. ಮೂವತ್ತು ವರ್ಷದಲ್ಲಿ ಅವನು ಒಮ್ಮೆಯೂ ಆಗಗೊಟ್ಟಿರದ ಸದ್ದು ಅದು. ಆಮೇಲೆ ಏನೂ ಇಲ್ಲ. ಗೋಡೆಯ ಫ್ಯಾನು ಮಾತ್ರ ತಿರುಗುತ್ತಿತ್ತು. ಚಿದಾನಂದ ಎದ್ದು ಹೋಗಿ ಹೆಂಡತಿಯ ಪಕ್ಕದಲ್ಲಿ ಮೊಣಕಾಲೂರಿ, ಅವಳ ಎಡಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ.

"ವನೂ, ಬಾಗಲಾ ತಗದೀನಿ. ಈಗ ಎಷ್ಟು ಆಗ್ತೈತೋ ಅಷ್ಟು. ಒಂದು 'ಸಾ' ಹಿಡಿ ನೋಡೂಣು."

ಉಸಿರಿನ ಫೇಡರ್ ನಡುಗಿತು. ಒಂದು ಕೂದಲಷ್ಟು ಮೇಲೆದ್ದು ಮತ್ತೆ ಬಿತ್ತು. ಮತ್ತೆ ಎದ್ದಿತು. ಸ್ಪೀಕರಿನಿಂದ ಊದುಗೊಳವೆಯಲ್ಲಿ ಊದಿದಂಥ ಒಂದು ಸದ್ದು ಹೊರಟಿತು. ಸ್ವರವೆನ್ನುವಂಥದು ಅದರಲ್ಲಿ ಏನೂ ಇರಲಿಲ್ಲ. ಡಾಕ್ಟರ್ ನಫೀಸಾ ಪರದೆಯತ್ತ ಬಾಗಿದರು. "ಗದ್ದಲ ಇರಬಹುದು," ಎಂದು ತಮಗೆ ತಾವೇ ಹೇಳಿಕೊಂಡರು. "ಆಸೆ ಪಡಬಾರದು, ಆಸೆ ಪಡಬಾರದು."

ಚಿದಾನಂದ ಕೈಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದ. ಒಮ್ಮೆಲೆ ನಾಲಗೆಯದು, ದವಡೆಯದು, ಉಸಿರಿನದು ಮೂರೂ ಒಟ್ಟಿಗೆ ಎದ್ದವು. ಸದ್ದು ಒಡೆಯಿತು, ಗೊಗ್ಗರಿಸಿತು, ನಿಂತಿತು, ಮತ್ತೆ ಹೊರಟಿತು. ಈ ಸಲ ಅದಕ್ಕೆ ಆಕಾರ ಇತ್ತು.

"ಕ್... ಕೈ..."

"ಅಯ್ಯೋ ನನ್ನವ್ವಾ!" ತುಂಗವ್ವ ಬಾಗಿಲಲ್ಲೇ ಎರಡೂ ಕೈ ಜೋಡಿಸಿದಳು.

"ಹೌದು, ವನೂ, ಕೈ! ನಾನ ಹಿಡದೀನಿ," ಎಂದ ಚಿದಾನಂದ. ಕಣ್ಣೀರು ಗಡ್ಡದೊಳಗೆ ಇಳಿಯುತ್ತಿತ್ತು.

"ಮುಟ್... ಮುಟ್ಟ... ಬ್ಯಾ... ಡ್ರಿ." ಫೇಡರ್‌ಗಳು ಮೇಲೆ ಕೆಳಗೆ ಒದ್ದಾಡಿದವು. "ಉರೀ... ತೈತಿ. ಬೆಂಕಿ... ಹಂಗ."

ಅವನಿಗೆ ಮೊದಲು ಅರ್ಥವೇ ಆಗಲಿಲ್ಲ. ಡಾಕ್ಟರ್ ನಫೀಸಾ ಓಡಿಬಂದು ಅವನ ಕೈಗಳನ್ನು ಬಿಡಿಸಿದರು. "ಬಿಡ್ರಿ, ಬಿಡ್ರಿ ಮೊದಲ! ಲಕ್ವಾ ಆದವರಿಗೆ ಕೆಲವರಿಗೆ ಹಿಂಗ ಆಗ್ತದ. ಸುಮ್ಮನ ಮುಟ್ಟಿದ್ರೂ ಸುಟ್ಟಂಗ ನೋವು. ಬಾಯಿ ಬಿಟ್ಟು ಹೇಳೋತನಕ ಹೊರಗಿನವರಿಗೆ ಗೊತ್ತಾಗೂದಿಲ್ಲ."

ಚಿದಾನಂದ ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡ. ದಿನಾ ಸಂಜೆ ತೊಡೆಯ ಮೇಲೆ ಇಟ್ಟುಕೊಂಡು, ಬೆರಳು ಬೆರಳನ್ನೂ ಬಿಡಿಸಿ, ನರ ಎಚ್ಚರಾಗಲಿ ಎಂದು ಒತ್ತಿ ಒತ್ತಿ ತಿಕ್ಕಿದ ಕೈ. ಅಷ್ಟೂ ಸಂಜೆ ಅವಳು ಒಳಗೆ ಕಿರುಚುತ್ತಿದ್ದಳು, ಅವನು ಹಾಡು ಕೇಳುತ್ತ ಕೂತಿದ್ದ. ಅವನ ಗಂಟಲಿನಿಂದ ಎಂಥದೋ ಸದ್ದು ಬಂತು. ಯಾವ ಯಂತ್ರವೂ ಅದನ್ನು ಮಾತು ಮಾಡಲಾರದಾಗಿತ್ತು.

"ತಪ್ಪಾತು, ವನೂ," ಎಂದ ಕೊನೆಗೆ. "ನನಗ ಗೊತ್ತಿರಲಿಲ್ಲ. ತಪ್ಪಾತು."

ಫೇಡರ್‌ಗಳು ಒಂದೊಂದಾಗಿ ಎದ್ದವು. ಆಮೇಲೆ, "ಈ ದನಿ... ಯಾರ್ದು?"

ಡಾಕ್ಟರ್ ಅವನ ಮುಖ ನೋಡಿದರು. ಏನಾದರೂ ಸಮಾಧಾನದ ಮಾತು ಹೇಳಿ ಎಂಬಂತಿತ್ತು ಆ ನೋಟ. ಆದರೆ ರೆಕಾರ್ಡಿಂಗ್ ಕೋಣೆಯಲ್ಲಿ ಗಾಜಿನ ಈಚೆ ಆಚೆ ಕೂತು ಬಾಳ್ವೆ ಮಾಡಿದ ಗಂಡಹೆಂಡಿರು ಅವರು. ಹಾಡು ಹೇಗೆ ಬಂತು ಎಂದು ಅವಳು ಕೇಳಿದಾಗ ಚಿದಾನಂದ ಎಂದೂ ಅವಳ ಮನಸ್ಸು ಕಾಯಲು ನೋಡಿದವನಲ್ಲ.

"ನಿಂದ," ಎಂದ.

"ಹಿಂಗ?"

"ಹೌದು. ಹಿಂಗ."

"ಸ್ವರಾ... ಐತಿ?"

"ಇಲ್ಲ, ವನೂ. ಸ್ವರ ಇಲ್ಲ." ಅವನು ಹಲಗೆಯ ಕಡೆ ತೋರಿಸಲು ಹೋಗಿ, ಅವಳು ಅತ್ತ ಕಣ್ಣು ಹೊರಳಿಸಲಾರಳು ಎಂದು ನೆನಪಾಗಿ ಕೈ ಇಳಿಸಿದ. "ಕೇಳು. ಇದನ್ನ ಇಟ್ಟುಕೊಂಡ್ರ ಯಂತ್ರ ಇದನ್ನ ಕಲೀತೈತಿ. ಮಾತು ಇನ್ನಷ್ಟು ಸಲೀಸಾಗಬಹುದು. ಹಾಡು ಬರೂದಿಲ್ಲ. ಹಳೇ ದನಿ ಇನ್ನ ಯಾವತ್ತೂ ಬರೂದಿಲ್ಲ. ನಿನ್ನ ಕೇಳದ ನಾ ಒತ್ತೂದಿಲ್ಲ. ಬ್ಯಾಡಂದ್ರ ಬ್ಯಾಡ."

ಉಸಿರಿನ ಫೇಡರ್ ಬುಡದಲ್ಲಿ ನಡುಗುತ್ತ ನಿಂತಿತು. ಬೇಡ ಎನ್ನುತ್ತಾಳೆ ಎಂದೇ ಚಿದಾನಂದನಿಗೆ ಅನಿಸಿತು. ಅವನಿಗೆ ಗೊತ್ತಿದ್ದ ವನಮಾಲಾ ಬೇಡವೆಂದೇ ಹೇಳುವವಳು. ಒಂದು ಸ್ವರಕ್ಕಾಗಿ ಇಡೀ ಆಲ್ಬಮ್ಮನ್ನು ಬಿಟ್ಟವಳು. ಅವಳು ಬೇಡವೆಂದರೆ ಯಂತ್ರ ಆರಿಸುವ ಶಕ್ತಿ ಕೊಡು ದೇವರೇ ಎಂದು ಮನಸ್ಸಿನಲ್ಲೇ ಬೇಡಿಕೊಂಡ.

"ಅವ್ವ... ಅದಾಳೇನು?" ಎಂದಿತು ದನಿ.

"ಅದೀನಿ, ನನ್ನ ಬಂಗಾರಾ, ಇಲ್ಲೇ ಅದೀನಿ!" ತುಂಗವ್ವ ಓಡಿ ಬಂದಳು, ಮುಟ್ಟಲು ಹೋದ ಕೈಯನ್ನು ಗಪ್ಪನೆ ಹಿಂದಕ್ಕೆ ಎಳೆದುಕೊಂಡಳು.

"ಗಂಜಿ... ಸುಡಸುಡಾ... ಹಾಕಬ್ಯಾಡ. ಕಾಲಿಗೆ... ಥಂಡಿ. ಬಲಕ್ಕ... ಮಲಗಿಸಬ್ಯಾಡ್ರಿ." ಒಂದೊಂದು ಮಾತಿಗೂ ನಿಲ್ಲುತ್ತಿದ್ದಳು. "ರೀ."

"ಹೇಳು."

"ಒತ್ತ್ರಿ... ಅದನ್ನ. ಭಾಳ... ಹೇಳೂದೈತಿ."

ಚಿದಾನಂದ ಎದ್ದು ಹೋಗಿ ಕಲಿಕೆಯ ಗುಂಡಿ ಒತ್ತಿದ. ಪರದೆಯ ಮೇಲೆ ಹಳೆಯ ದನಿಯ ಗೆರೆಗಳು ಒಂದೊಂದಾಗಿ ಬಾಗಿ, ಹೊಸ ದನಿಯ ಕಡೆ ಇಳಿಯತೊಡಗಿದವು. ಅವನು ಅದನ್ನು ನೋಡುತ್ತ ನಿಲ್ಲಲಿಲ್ಲ. ತುಂಗವ್ವ ಮಗಳ ಕಾಲಿಗೆ ಹೊದಿಕೆ ಸರಿಮಾಡುತ್ತಿದ್ದಳು. ಡಾಕ್ಟರ್ ನಫೀಸಾ ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುತ್ತಿದ್ದರು. ಸೊಳ್ಳೆ ಕಚ್ಚಿದ್ದು, ಬೆಳಕು ಕಣ್ಣಿಗೆ ಚುಚ್ಚಿದ್ದು, ನೋಡಲು ಬಂದವರು ಹಾಸಿಗೆಯ ಪಕ್ಕದಲ್ಲೇ ನಿಂತು 'ಇದಕ್ಕಿಂತ ಹೋಗಿಬಿಡೂದು ಚಲೋ' ಎಂದು ಆಡಿಕೊಂಡದ್ದು, ಎಲ್ಲವನ್ನೂ ವನಮಾಲಾ ಆ ಒಡೆದ ದನಿಯಲ್ಲಿ ಹೇಳತೊಡಗಿದಳು. ಚಿದಾನಂದ ಕುರ್ಚಿ ಎಳೆದುಕೊಂಡು, ಅವಳಿಗೆ ಕೈ ತಾಗದಷ್ಟು ದೂರದಲ್ಲಿ ಕೂತು ಕೇಳಿದ.